ಗುಲಾಬಿ ಬಣ್ಣ ನಂಬಿ ಮೋಸಹೋದದ್ದು: ಅಶ್ವಗಂಧದ ಬೇರಿನೊಂದಿಗೆ ನನ್ನ ಅನುಭವ

ಹಿರೇಮದ್ದು ಎಂದೂ ಕರೆಯುವ ಅಶ್ವಗಂಧದ ಬೇರು ರೋಗನಿರೋಧಕ ಜೀವಕೋಶಗಳನ್ನು ನಿಜಕ್ಕೂ ಚುರುಕುಗೊಳಿಸುತ್ತದೆಯೇ ಎಂಬುದು ನನ್ನ ಸಂಶೋಧನೆಯ ವಿಷಯವಾಗಿತ್ತು. ಪುಡಿಯಲ್ಲಿ ಎಲೆ ಬೆರೆತಿದ್ದರೆ ಕಣ್ಣಿಗೆ ಗೊತ್ತಾಗುವುದಿಲ್ಲ, ಎಲೆಯಲ್ಲಿ ವಿಥಾಫೆರಿನ್-ಎ ಎಂಬ ಸಸ್ಯ ರಾಸಾಯನಿಕ ಬೇರಿಗಿಂತ ಬಹಳ ಹೆಚ್ಚು. ಆದ್ದರಿಂದ ಇಡಿ ಬೇರನ್ನೇ ತರಿಸಿ, ಮುರಿದು, ಒಳಗೆ ಹಿಟ್ಟಿನಂತೆ ಬೆಳ್ಳಗಿರುವುದನ್ನು ನೋಡಿಕೊಂಡು ನಾನೇ ಪುಡಿ ಮಾಡಿದೆ.

ಒಂದು ಪಾಲನ್ನು ನೀರಿನಲ್ಲಿ, ಇನ್ನೊಂದನ್ನು ಮೆಥನಾಲ್‌ನಲ್ಲಿ ನೆನೆಸಿ ಸಾರ ತೆಗೆದು, ಇಲಿಯ ಮ್ಯಾಕ್ರೋಫೇಜ್ (ರೋಗಾಣುಗಳನ್ನು ನುಂಗುವ ರೋಗನಿರೋಧಕ ಜೀವಕೋಶ) ತಳಿಯಾದ ರಾ 264.7ಕ್ಕೆ 24 ಗಂಟೆ ಕೊಟ್ಟೆ. ಕೆರಳಿದ ಮ್ಯಾಕ್ರೋಫೇಜ್ ನೈಟ್ರಿಕ್ ಆಕ್ಸೈಡ್ ಬಿಡುತ್ತದೆ. ಅದರಿಂದಾಗುವ ನೈಟ್ರೈಟ್, ಅದನ್ನು ಪತ್ತೆಹಚ್ಚಲು ಬಳಸುವ ಗ್ರೀಸ್ ದ್ರಾವಣದೊಡನೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಪರೀಕ್ಷಾ ತಟ್ಟೆಯಲ್ಲಿ ನೀರಿನ ಸಾರ ಹಾಕಿದ ಗುಳಿಗಳು 540 ನ್ಯಾನೊಮೀಟರಿನಲ್ಲಿ ಅಳೆಯುವ ಮೊದಲೇ ಕಣ್ಣಿಗೆ ಹೊಡೆಯುವಷ್ಟು ಕೆಂಪೇರಿದ್ದವು, ನಾನು ಹಿಗ್ಗಿದ್ದೆ.

ಮಾರ್ಗದರ್ಶಕರು ತಟ್ಟೆ ನೋಡಿ, ‘ಎಂಡೋಟಾಕ್ಸಿನ್ ಪರೀಕ್ಷಿಸಿದ್ದೀರಾ?’ ಎಂದಷ್ಟೇ ಕೇಳಿದರು. ಬೇರು ಮಣ್ಣಿನಲ್ಲಿ ಬೆಳೆದದ್ದು. ಅದಕ್ಕಂಟಿದ ಗ್ರಾಂ-ನೆಗೆಟಿವ್ ಬ್ಯಾಕ್ಟೀರಿಯಾಗಳ ಹೊರಪೊರೆಯ ಲಿಪೊಪಾಲಿಸ್ಯಾಕರೈಡ್ (ಇದೇ ಎಂಡೋಟಾಕ್ಸಿನ್) ನ್ಯಾನೊಗ್ರಾಂ ಪ್ರಮಾಣದಲ್ಲಿದ್ದರೂ ಮ್ಯಾಕ್ರೋಫೇಜ್ ಕೆರಳುತ್ತದೆ. ನಾನು ನಂಬಿಕೊಂಡಿದ್ದ 0.22 ಮೈಕ್ರಾನ್ ಸೋಸುಕವಾಗಲಿ, 121 ಡಿಗ್ರಿಯ ಒತ್ತಡದ ಹಬೆಯ ಆಟೊಕ್ಲೇವ್ ಆಗಲಿ ಅದನ್ನು ಹೋಗಲಾಡಿಸುವುದಿಲ್ಲ.

ಗಾಜಿನ ಸಾಮಾನನ್ನೆಲ್ಲ ಅದನ್ನು ನಾಶಪಡಿಸುವ 250 ಡಿಗ್ರಿಯ ಒಣ ಶಾಖದಲ್ಲಿಟ್ಟು, ಲಿಪೊಪಾಲಿಸ್ಯಾಕರೈಡನ್ನು ಕಟ್ಟಿಹಾಕುವ ಪಾಲಿಮಿಕ್ಸಿನ್-ಬಿ ಬೆರೆಸಿದ ಗುಳಿಗಳನ್ನು ಪಕ್ಕದಲ್ಲೇ ಇಟ್ಟು, ಎಲ್ಲವನ್ನೂ ಮೊದಲಿನಿಂದ ಮಾಡಿದೆ. ಪಾಲಿಮಿಕ್ಸಿನ್ ಇದ್ದ ಕಡೆ ಬಣ್ಣ ಬಹಳ ಮಟ್ಟಿಗೆ ಇಳಿದಿತ್ತು. ಪೂರ್ತಿ ಹೋಗಿರಲಿಲ್ಲ, ಆ ಉಳಿಕೆಗೆ ಬೇರಿನ ಪಾಲಿಸ್ಯಾಕರೈಡ್‌ಗಳು ಕಾರಣವಿರಬಹುದು, ಆದರೆ ಮ್ಯಾಕ್ರೋಫೇಜನ್ನು ಕೆರಳಿಸಬಲ್ಲ ಬ್ಯಾಕ್ಟೀರಿಯಾದ ಲಿಪೊಪ್ರೋಟೀನುಗಳು ಪಾಲಿಮಿಕ್ಸಿನ್ನಿಗೆ ಸಿಗುವುದಿಲ್ಲವಾದ್ದರಿಂದ ಅದನ್ನು ಬೇರಿನ ಖಾತೆಗೆ ಸೇರಿಸುವ ಧೈರ್ಯ ನನಗಾಗಲಿಲ್ಲ.

ಮೆಥನಾಲ್ ಸಾರದ ಕತೆ ಇದಕ್ಕೆ ತದ್ವಿರುದ್ಧ. ಲಿಪೊಪಾಲಿಸ್ಯಾಕರೈಡಿನಿಂದ ಬೇಕೆಂದೇ ಕೆರಳಿಸಿದ ಜೀವಕೋಶಗಳಿಗೆ ಅದನ್ನು ಕೊಟ್ಟಾಗ ಗುಲಾಬಿ ಬಣ್ಣ ಕುಗ್ಗಿತು. ಉರಿಯೂತದ ಜೀನ್‌ಗಳನ್ನು ಎಬ್ಬಿಸುವ ಎನ್‌ಎಫ್-ಕಪ್ಪಾ-ಬಿಯನ್ನು ವಿಥಾಫೆರಿನ್-ಎ ತಡೆಯುತ್ತದೆ ಎಂಬುದು ತಿಳಿದದ್ದೇ. ಆದರೆ ಅದು ಜೀವಕೋಶಗಳಿಗೆ ವಿಷವೂ ಹೌದು, ಸತ್ತ ಜೀವಕೋಶವೂ ಬಣ್ಣ ಕೊಡುವುದಿಲ್ಲ. ಹಾಗಾಗಿ ಎಂಟಿಟಿ ಪರೀಕ್ಷೆಯಲ್ಲಿ ಜೀವಕೋಶಗಳು ಬದುಕಿದ್ದ ಪ್ರಮಾಣಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡೆ.

ಒಂದೇ ಬೇರಿನ ಒಂದು ಸಾರ ಕೆರಳಿಸುವಂತೆ ಕಂಡು, ಇನ್ನೊಂದು ತಣಿಸಿದ ಮೇಲೆ, ಪ್ರಬಂಧದ ಶೀರ್ಷಿಕೆಯಲ್ಲಿದ್ದ ‘ವರ್ಧಕ’ ಎಂಬ ಪದವನ್ನು ಹೊಡೆದು ‘ಪ್ರಭಾವ’ ಎಂದು ಬರೆದೆ. ಮೊದಲ ತಟ್ಟೆಯ ಚಿತ್ರ ಈಗಲೂ ನನ್ನ ದಾಖಲೆ ಪುಸ್ತಕದಲ್ಲಿದೆ, ಅಂಚಿನಲ್ಲಿ ‘ಪಾಲಿಮಿಕ್ಸಿನ್ ಹಾಕಿಲ್ಲ’ ಎಂಬ ಟಿಪ್ಪಣಿಯೊಂದಿಗೆ.