ಮಲ್ಪೆ ಬೀಚ್ ಯಾವ ಬಗೆಯದು? ನಾನು ಅಳೆದು ನೋಡಿದ್ದು

ಬೀಚುಗಳಲ್ಲಿ ಬಗೆಗಳಿವೆ. ಅದನ್ನು ಗುರುತಿಸಲು ಅಲೆ, ಉಬ್ಬರ-ಇಳಿತ, ಹೊಯಿಗೆ (ಮರಳು) ಈ ಮೂರನ್ನು ಅಳೆದರೆ ಸಾಕು. ಆಸ್ಟ್ರೇಲಿಯಾದ ಬೀಚುಗಳನ್ನು ವರ್ಷಗಟ್ಟಲೆ ನೋಡಿದ ರೈಟ್ ಮತ್ತು ಶಾರ್ಟ್ ಎಂಬ ವಿಜ್ಞಾನಿಗಳು 1984ರಲ್ಲಿ ಬರೆದ ಪ್ರಬಂಧವೇ ಇದಕ್ಕೆ ಬುನಾದಿ. ಅವರ ದಾರಿ ಹಿಡಿದು ನಾನು ಮಲ್ಪೆಯಲ್ಲಿ ಅಳೆಯಲು ಶುರು ಮಾಡಿದೆ. ದುಬಾರಿ ಉಪಕರಣ ಏನೂ ಬೇಕಾಗಲಿಲ್ಲ.

ನನಗೆ ತುಂಬಾ ಇಷ್ಟವಾದ ಕೆಲಸ ಹೊಯಿಗೆಯದು. ಕಣದ ಗಾತ್ರಕ್ಕಿಂತ ಅದು ನೀರಲ್ಲಿ ಎಷ್ಟು ವೇಗವಾಗಿ ಮುಳುಗುತ್ತದೆ ಅನ್ನೋದು ಇಲ್ಲಿ ಮುಖ್ಯ. ಒಂದು ಮೀಟರಿಗಿಂತ ಉದ್ದದ ಪಾರದರ್ಶಕ ಕೊಳವೆಯ ತಳ ಮುಚ್ಚಿ, ನೀರು ತುಂಬಿ, ಮೇಲಿಂದ ಒಂದು ಚಿಟಿಕೆ ಹೊಯಿಗೆ ಬಿಡಬೇಕು. ಮೊದಲೇ ಒದ್ದೆ ಮಾಡಿರಬೇಕು, ಇಲ್ಲದಿದ್ದರೆ ಸುಮ್ನೆ ಮೇಲೆ ತೇಲುತ್ತದೆ. ಕಪ್ಪೆಚಿಪ್ಪಿನ ಚೂರುಗಳು ಹೊರಳಾಡುತ್ತಾ ನಿಧಾನಕ್ಕೆ ಇಳಿಯುತ್ತವೆ, ಅವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬಹುಪಾಲು ಕಣಗಳು ಒಂದು ಮೀಟರ್ ಇಳಿಯಲು 40 ಸೆಕೆಂಡ್ ತೆಗೆದುಕೊಂಡರೆ ವೇಗ ಸೆಕೆಂಡಿಗೆ 2.5 ಸೆಂ.ಮೀ. ಅದು ನುಣ್ಣನೆಯ ಹೊಯಿಗೆ.

ಅಲೆಯ ಅವಧಿ, ಅಂದರೆ ಒಂದು ಅಲೆಯ ಹಿಂದೆ ಇನ್ನೊಂದು ಬರಲು ಹಿಡಿಯುವ ಹೊತ್ತು, ಅಳೆಯಲು ಮೊಬೈಲಿನ ಸ್ಟಾಪ್‌ವಾಚ್ ಸಾಕು. ಹನ್ನೊಂದು ಅಲೆಗಳ ನೆತ್ತಿ ದಾಟುವ ಹೊತ್ತನ್ನು ಹತ್ತರಿಂದ ಭಾಗಿಸುತ್ತೇನೆ. ಎತ್ತರಕ್ಕೆ ಬೇರೆ ಉಪಾಯ: ಒಡೆಯುವ ಅಲೆಯ ನೆತ್ತಿ ದಿಗಂತದ ಗೆರೆಗೆ ಸರಿಯಾಗಿ ಕೂರುವ ಜಾಗದಲ್ಲಿ ನಿಂತು, ನೀರಿನ ಮಟ್ಟದಿಂದ ನನ್ನ ಕಣ್ಣು ಎಷ್ಟು ಮೇಲಿದೆ ಎಂದು ಅಳೆಯುತ್ತೇನೆ. ಅಂದಾಜಿಗೆ ಅದೇ ಅಲೆಯ ಎತ್ತರ.

ಇನ್ನು ಲೆಕ್ಕ. ಎತ್ತರವನ್ನು ಮುಳುಗುವ ವೇಗ ಮತ್ತು ಅವಧಿಯ ಗುಣಲಬ್ಧದಿಂದ ಭಾಗಿಸಬೇಕು. ಉತ್ತರ 1ಕ್ಕಿಂತ ಕಡಿಮೆ ಬಂದರೆ ಕಡಿದಾದ ಬೀಚ್, ಅಲೆ ದಡದಲ್ಲೇ ಒಡೆದು ವಾಪಸ್ ಹೋಗುತ್ತದೆ. 6 ದಾಟಿದರೆ ಅಗಲವಾದ, ಚಪ್ಪಟೆಯಾದ ಬೀಚ್. ಅಲೆ ದೂರದಲ್ಲೇ ಒಡೆದು ಬರುಬರುತ್ತಾ ಸೋಲುತ್ತದೆ. ನಡುವಿನದ್ದರಲ್ಲಿ ನೀರಿನಡಿ ಹೊಯಿಗೆ ದಿಬ್ಬಗಳೂ ಅವುಗಳ ನಡುವೆ ಕಾಲುವೆಗಳೂ ಇರುತ್ತವೆ. ನುಣ್ಣನೆ ಹೊಯಿಗೆ, 60 ಸೆಂ.ಮೀ. ಅಲೆ, 10 ಸೆಕೆಂಡ್ ಅವಧಿ ಇದ್ದರೆ ಉತ್ತರ 2.4. ಅದೇ ಹೊಯಿಗೆಗೆ ಮಳೆಗಾಲದ 2 ಮೀಟರ್ ಅಲೆ, 9 ಸೆಕೆಂಡ್ ಅವಧಿ ಹಾಕಿದರೆ ಸುಮಾರು 9! ಹಾಗಾಗಿ ಒಂದು ಬೀಚಿಗೆ ವರ್ಷವಿಡೀ ಒಂದೇ ಹೆಸರು ಅಂಟಿಸೋದು ನನಗೆ ಒಪ್ಪಿಗೆಯಿಲ್ಲ. ಜೂನ್‌ನಲ್ಲಿ ಕಡಲು ದಂಡೆಯ ಹೊಯಿಗೆಯನ್ನು ಒಳಗೆಳೆದು ದಿಬ್ಬ ಕಟ್ಟುತ್ತದೆ, ಮಳೆ ಮುಗಿದ ಮೇಲೆ ನಿಧಾನಕ್ಕೆ ವಾಪಸ್ ತಂದು ಹಾಕುತ್ತದೆ.

ಉಬ್ಬರದ ಲೆಕ್ಕ ಸೇರಿಸಿದ್ದು ಮಾಸೆಲಿಂಕ್ ಎಂಬ ವಿಜ್ಞಾನಿ ಮತ್ತು ಅದೇ ಶಾರ್ಟ್, 1993ರಲ್ಲಿ. ಉಬ್ಬರ-ಇಳಿತದ ಅಂತರವನ್ನು ಅಲೆಯ ಎತ್ತರದಿಂದ ಭಾಗಿಸಿ. 3ರ ಒಳಗಿದ್ದರೆ ಅಲೆಯದೇ ಕಾರುಬಾರು, 15 ದಾಟಿದರೆ ಉಬ್ಬರದ್ದು. ಅಂತರ 1.2 ಮೀಟರ್, ಅಲೆ 60 ಸೆಂ.ಮೀ. ಆದರೆ 2. ಅಲೆ 30ಕ್ಕೆ ಇಳಿದ ದಿನ 4. ಅವತ್ತು ಉಬ್ಬರದ ಮಾತೂ ನಡೆಯುತ್ತದೆ.

ಈ ಲೆಕ್ಕ ಈಜುವವರಿಗೂ ಬೇಕು, ಅದಕ್ಕೇ ಇಷ್ಟು ಹೇಳಿದೆ. ನಡುವಿನ ಬಗೆಯ ಬೀಚಿನ ಕಾಲುವೆಗಳಲ್ಲೇ ನೀರು ಜೋರಾಗಿ ಕಡಲಿನ ಒಳಕ್ಕೆ ಹರಿಯುತ್ತದೆ. ಅಲ್ಲಿ ಆಳ ಜಾಸ್ತಿ, ಅಲೆ ಒಡೆಯುವುದು ಕಡಿಮೆ. ಅಕ್ಕಪಕ್ಕ ಬಿಳಿ ನೊರೆ, ನಡುವೆ ಸಮತಟ್ಟಾದ ಕಡುಬಣ್ಣದ ನೀರು. ಮಕ್ಕಳನ್ನು ಇಳಿಸಲು ಇದೇ ಒಳ್ಳೆ ಜಾಗ ಅನ್ನಿಸುತ್ತೆ, ಅಲ್ವಾ? ಅಲ್ಲಿ ಇಳಿಸಬೇಡಿ. ಸೆಳೆತಕ್ಕೆ ಸಿಕ್ಕರೂ ದಡದತ್ತ ಎದುರು ಈಜಬೇಡಿ. ದಂಡೆಗೆ ಸಮನಾಗಿ ಪಕ್ಕಕ್ಕೆ ಈಜಿ, ಅಲೆ ಒಡೆಯುತ್ತಿರುವ ಕಡೆ ಬಂದು ದಡ ಸೇರಿ.