ದನದ ಡಾಕ್ಟ್ರಿಗೆ ಫೋನ್ ಮಾಡೋ ಮುಂಚೆ

ರಾತ್ರಿ ಹತ್ತೂವರೆ. ಗೌರಿ ಕರು ಹಾಕಿ ಇನ್ನೂ ಒಂದು ದಿನ ಆಗಿತ್ತು. ನಮ್ಮ ಮೂರು ಹಸುಗಳಲ್ಲಿ ಜಾಸ್ತಿ ಹಾಲು ಕೊಡೋಳು ಅವಳೇ, ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ತಳಿ, ಮೂರನೇ ಸೂಲು. ಮಲಗೋ ಮುಂಚೆ ಒಂದು ಸಲ ನೋಡಿ ಬರೋಣ ಅಂತ ಕೊಟ್ಟಿಗೆಗೆ ಹೋದ್ರೆ ಮಲಗಿದ್ದವಳು ಏಳ್ತಾನೇ ಇಲ್ಲ. ನಮ್ಮ ಯಜಮಾನ್ರು ದನದ ಡಾಕ್ಟ್ರಿಗೆ ಫೋನ್ ಮಾಡಿ, "ಸಾರ್, ಹಸು ಹುಷಾರಿಲ್ಲ, ಬೇಗ ಬನ್ನಿ" ಅಂದ್ರು. ಆ ಕಡೆಯಿಂದ ಪ್ರಶ್ನೆ ಶುರುವಾಯ್ತು. ಕರು ಹಾಕಿ ಎಷ್ಟು ಗಂಟೆ ಆಯ್ತು? ಸತ್ತೆ (ಮಾಸು) ಬಿತ್ತಾ? ಕತ್ತು ಹೊಟ್ಟೆ ಕಡೆಗೆ ತಿರುಗಿಸ್ಕೊಂಡಿದೆಯಾ? ಕಿವಿ ಬೆಚ್ಚಗಿದೆಯಾ, ತಣ್ಣಗಿದೆಯಾ? ಸಗಣಿ ಹಾಕಿದ್ದು ಯಾವಾಗ? ಇವರು ಫೋನು ಕಿವಿಗಿಟ್ಟುಕೊಂಡೇ ನನ್ನ ಮುಖ ನೋಡಿದ್ರು. ನನಗೂ ಗೊತ್ತಿಲ್ಲ. ಟಾರ್ಚ್ ಹಿಡ್ಕೊಂಡು ಮತ್ತೆ ಓಡಿದೆ. ಕಿವಿ ಮುಟ್ಟಿದ್ರೆ ಮಣ್ಣಿನ ಗಡಿಗೆ ಮುಟ್ಟಿದ ಹಾಗಿತ್ತು, ಅಷ್ಟು ತಣ್ಣಗೆ.

ಅದು ಹಾಲು ಜ್ವರ. ಹೆಸರಲ್ಲಷ್ಟೇ ಜ್ವರ, ಮೈ ಬಿಸಿ ಇರಲ್ಲ. ಕರು ಹಾಕಿದ ತಕ್ಷಣ ಮೈಯಲ್ಲಿರೋ ಕ್ಯಾಲ್ಸಿಯಂ ಗಿಣ್ಣು ಹಾಲಿಗೆ ಇಳಿದುಬಿಡುತ್ತೆ, ರಕ್ತದಲ್ಲಿ ಕೊರತೆ ಬೀಳುತ್ತೆ, ಸ್ನಾಯುಗಳು ಸೋಲುತ್ತವೆ. ಹೆಚ್ಚಾಗಿ ಕರು ಹಾಕಿದ ಮೂರು ದಿನದೊಳಗೆ ಬರೋದು. ಕಿವಿ ವಿಷಯ ಕೇಳಿದ ಮೇಲೇ ಡಾಕ್ಟ್ರು ದಾರೀಲಿ ಆಸ್ಪತ್ರೆ ಬಾಗಿಲು ತೆಗೆಸಿ ಕ್ಯಾಲ್ಸಿಯಂ ಬಾಟಲಿ ತಗೊಂಡು ಬಂದಿದ್ದು. ಕತ್ತಿನ ನರಕ್ಕೆ ಸೂಜಿ ಚುಚ್ಚಿ ನಿಧಾನಕ್ಕೆ ಬಿಟ್ರು, ಸ್ಟೆತಾಸ್ಕೋಪ್ ಮಾತ್ರ ಎದೆಯಿಂದ ತೆಗೀಲೇ ಇಲ್ಲ. ಅವಸರ ಮಾಡಿದ್ರೆ ಎದೆಬಡಿತವೇ ನಿಂತು ಹೋಗುತ್ತಂತೆ. ಬಾಟಲಿ ಮುಗಿಯೋ ಹೊತ್ತಿಗೆ ಗೌರಿ ಮೈ ಸಣ್ಣಗೆ ನಡುಗ್ತು, ಒಂದು ತೇಗು ಬಂತು, ಸಗಣಿ ಹಾಕಿದ್ಲು, ಆಮೇಲೆ ಮುಗ್ಗರಿಸ್ಕೊಂಡು ಎದ್ದು ನಿಂತ್ಲು. ನಾನು ಅತ್ತುಬಿಟ್ಟೆ, ಅದು ಬೇರೆ ವಿಷಯ.

ಆವತ್ತಿನಿಂದ ನಮ್ಮನೇಲಿ ಒಂದು ನಿಯಮ. ಹಸುವನ್ನ ಸರಿಯಾಗಿ ನೋಡದೆ ಯಾರೂ ಫೋನ್ ಮುಟ್ಟೋ ಹಾಗಿಲ್ಲ. ನೋಡೋಕೆ ಐದು ನಿಮಿಷ ಸಾಕು. ಅದೇನೇನು ಅಂತ ನಮ್ಮ ಮಾಗಡಿ ಕಡೆಯ ಹೆಣ್ಣುಮಕ್ಕಳಿಗೆ ಡೈರಿ ಹತ್ರ ಹೇಳ್ತಾನೇ ಇರ್ತೀನಿ, ಇಲ್ಲೂ ಬರೀತಿದ್ದೀನಿ.

ಮೊದಲು ಥರ್ಮಾಮೀಟರ್. ಮೆಡಿಕಲ್ ಸ್ಟೋರಲ್ಲಿ ಸಿಗೋ ಸಾಮಾನ್ಯ ಡಿಜಿಟಲ್ ಥರ್ಮಾಮೀಟರೇ ಆಗುತ್ತೆ. ತುದಿಗೆ ಕೊಬ್ಬರಿ ಎಣ್ಣೆ ಸವರಿ, ಬಾಲ ಎತ್ತಿ, ಸಗಣಿ ಹಾಕೋ ಜಾಗದಲ್ಲಿ ಒಳಗೋಡೆಗೆ ತಾಗೋ ಹಾಗೆ ಸ್ವಲ್ಪ ಓರೆ ಹಿಡೀಬೇಕು. ಸಗಣಿ ಮಧ್ಯ ಚುಚ್ಚಿದ್ರೆ ಲೆಕ್ಕ ತಪ್ಪುತ್ತೆ. ಇನ್ನೊಂದು ತುದಿಗೆ ದಾರ ಕಟ್ಟಿ ಕೈಗೆ ಸುತ್ಕೊಳಿ, ಒಳಗೆ ಹೋದ್ರೆ ಆಮೇಲೆ ಫಜೀತಿ. 101ರಿಂದ 102 ಡಿಗ್ರಿ ಫ್ಯಾರನ್‌ಹೀಟ್ ಇದ್ರೆ ಸರಿ. ಬೇಸಿಗೆ ಮಧ್ಯಾಹ್ನ ಸ್ವಲ್ಪ ಏರುತ್ತೆ, ನೆರಳಿಗೆ ಕಟ್ಟಿ ಮತ್ತೊಂದು ಸಲ ನೋಡಿ. 103 ದಾಟಿದ್ರೆ ಜ್ವರ ಅಂತಲೇ ಹೇಳಿ. ಮನೆಯವರಿಗೆ ಬೇರೆ ಥರ್ಮಾಮೀಟರ್ ಇಡಿ, ಇದನ್ನ ಕೊಟ್ಟಿಗೆ ಸೂರಿಗೇ ಸಿಗಿಸಿ. ನಮ್ಮನೇಲಿ ಒಂದ್ಸಲ ಅದಲು ಬದಲು ಆಗಿ ದೊಡ್ಡ ರಾಮಾಯಣ ಆಗಿದೆ.

ಎರಡನೇದು ಹೊಟ್ಟೆ. ಹಸು ಮೆಲುಕು ಹಾಕ್ತಿದೆಯಾ, ಯಾವಾಗಿಂದ ಹಾಕ್ತಿಲ್ಲ ಅನ್ನೋದು ನೆನಪಿಟ್ಕೊಳಿ. ಎಡಗಡೆ ಪಕ್ಕೆಲುಬು ಮುಗಿದ ಮೇಲೆ ಒಂದು ಗುಳಿ ಇರುತ್ತೆ. ಅಲ್ಲಿ ಮುಷ್ಟಿ ಒತ್ತಿ ಎರಡು ನಿಮಿಷ ಸುಮ್ನೆ ನಿಂತ್ಕೊಳಿ. ಒಳಗಿಂದ ಏನೋ ಮಗ್ಗಲು ಬದಲಾಯಿಸಿದ ಹಾಗೆ ಎರಡು ಮೂರು ಸಲ ಮುಷ್ಟೀನ ತಳ್ಳಿದ್ರೆ ಹೊಟ್ಟೆ ಆಡ್ತಿದೆ ಅಂತ. ಏನೂ ಆಡದಿದ್ರೆ ಅದನ್ನ ಹೇಳಿ. ಗುಳಿ ಇರೋ ಜಾಗ ಉಬ್ಬಿ, ಬೆರಳಲ್ಲಿ ಬಡಿದ್ರೆ ತಮಟೆ ಹಾಗೆ ಸದ್ದು ಬಂದ್ರೆ ಹೊಟ್ಟೆ ಉಬ್ಬರ. ಆಗ ಮಿಕ್ಕಿದ್ದೇನೂ ನೋಡ್ತಾ ಕೂರಬೇಡಿ. ಮುಂಗಾಲು ಎತ್ತರದಲ್ಲಿರೋ ಹಾಗೆ ನಿಲ್ಲಿಸಿ ಫೋನ್ ಮಾಡಿ.

ಸಗಣಿ ಗಟ್ಟಿಯಾ, ನೀರಾ, ರಕ್ತ ಇದೆಯಾ? ಗಂಜಳ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ರೆ ಮರೀದೆ ಹೇಳಿ, ಉಣ್ಣೆ ಕಚ್ಚಿ ಬರೋ ಕಾಯಿಲೆ ಇರಬಹುದು. ಕೆಚ್ಚಲು ಬಿಸಿ, ಗಟ್ಟಿ ಅನ್ನಿಸಿದ್ರೆ ಮೊದಲ ಎರಡು ಧಾರೆ ಕಪ್ಪು ಬಟ್ಟೆ ಮೇಲೆ ಕರೀರಿ. ಒಡೆದ ಮೊಸರಿನ ಚೂರು ಕಂಡ್ರೆ ಕೆಚ್ಚಲು ಬಾವು. ನಾಲ್ಕರಲ್ಲಿ ಯಾವ ಮೊಲೆ ಅಂತಲೂ ಹೇಳಿ. ಹಸು ಗಬ್ಬ ಆಗಿದ್ರೆ ಎಷ್ಟನೇ ತಿಂಗಳು ಅನ್ನೋದನ್ನ ಕೇಳೋಕೆ ಮುಂಚೇನೇ ಹೇಳಿಬಿಡಿ. ಕೆಲವು ಔಷಧಿ ಗಬ್ಬದ ಹಸುವಿಗೆ ಕೊಡೋ ಹಾಗಿಲ್ಲ.

ಈಗ ಯಾರಿಗೆ ಫೋನ್ ಮಾಡೋದು ಅನ್ನೋದು. ಬೋರ್ಡಲ್ಲಿ ಪ್ರಾಥಮಿಕ ಪಶು ಚಿಕಿತ್ಸಾ ಕೇಂದ್ರ ಅಂತಿದ್ರೆ ಅಲ್ಲಿ ಸಾಮಾನ್ಯವಾಗಿ ಇನ್‌ಸ್ಪೆಕ್ಟ್ರು ಇರ್ತಾರೆ, ಡಾಕ್ಟ್ರಲ್ಲ. ಲಸಿಕೆ, ಜಂತು ಔಷಧಿ, ಸಣ್ಣಪುಟ್ಟ ಗಾಯ, ಬೆದೆಗೆ ಬಂದಾಗ ಸೂಜಿ (ಕೃತಕ ಗರ್ಭಧಾರಣೆ), ಇದಕ್ಕೆಲ್ಲ ಅವರು ಸಾಕು. ಪಶು ಚಿಕಿತ್ಸಾಲಯ, ಪಶು ಆಸ್ಪತ್ರೆ ಅಂದ್ರೆ ಡಾಕ್ಟ್ರು. ಎಕ್ಸ್‌ರೇ, ಸ್ಕ್ಯಾನಿಂಗ್ ಬೇಕಾದ್ರೆ ಜಿಲ್ಲಾ ಪಾಲಿಕ್ಲಿನಿಕ್ಕು, ಇಲ್ಲ ಹೆಬ್ಬಾಳದ ವೆಟರ್ನರಿ ಕಾಲೇಜು. ಹಸುವನ್ನ ಕರ್ಕೊಂಡು ಹೋಗೋಕೆ ಆಗದಷ್ಟು ತುರ್ತು ಇದ್ರೆ 1962 ನಂಬರು. ಪಶು ಸಂಜೀವಿನಿ ಆಂಬುಲೆನ್ಸ್ ಇದು, ಫೋನಿಗೆ ದುಡ್ಡಿಲ್ಲ, ಗಾಡಿಯಲ್ಲೇ ಡಾಕ್ಟ್ರು ಬರ್ತಾರೆ. ಕರು ಅಡ್ಡ ಸಿಕ್ಕಿಕೊಂಡಾಗ, ಹಸು ಬಿದ್ದು ಏಳದಿದ್ದಾಗ ಇದಕ್ಕೆ ಮಾಡಿ. ಜಂತು ಔಷಧಿಗೆಲ್ಲ 1962ಕ್ಕೆ ಫೋನ್ ಮಾಡೋರಿದ್ದಾರೆ ನಮ್ಮೂರಲ್ಲಿ. ಆ ಹೊತ್ತಲ್ಲಿ ಇನ್ಯಾರದೋ ಎಮ್ಮೆ ಒದ್ದಾಡ್ತಿರುತ್ತೆ, ಅದನ್ನ ಯೋಚನೆ ಮಾಡಲ್ಲ. ಫೋನಲ್ಲಿ ಊರಿನ ಹೆಸರಿನ ಜೊತೆ ಹೋಬಳಿ, ತಾಲ್ಲೂಕು ಹೇಳಿ. ದೇವಸ್ಥಾನವೋ ಹಾಲಿನ ಡೈರಿಯೋ, ಗುರುತಿಗೆ ಒಂದು ಜಾಗ ಹೇಳಿ ಅಲ್ಲೊಬ್ಬ ಹುಡುಗನ್ನ ನಿಲ್ಲಿಸಿ.

ಡಾಕ್ಟ್ರು ಬರೋವರೆಗೆ ಏನು ಮಾಡಬಾರದು ಅನ್ನೋದೇ ಮುಖ್ಯ. ಗೌರಿ ಬಿದ್ದ ರಾತ್ರಿ ನಮ್ಮತ್ತೆ ಗೊಟ್ಟದಲ್ಲಿ (ದನಕ್ಕೆ ಔಷಧಿ ಕುಡಿಸೋ ಬಿದಿರಿನ ಕೊಳವೆ) ಬೆಲ್ಲದ ನೀರು ತುಂಬಿಸ್ಕೊಂಡು ಬಂದಿದ್ರು. ಅವರ ಕಾಲದಲ್ಲಿ ಯಾವ ಕಾಯಿಲೆಗೂ ಮೊದಲು ಗೊಟ್ಟ. ಡಾಕ್ಟ್ರು ಫೋನಲ್ಲೇ ಬೇಡ ಅಂದ್ರು. ಸೋತು ಮಲಗಿರೋ ಹಸುವಿಗೆ ನುಂಗೋ ಶಕ್ತಿ ಇರಲ್ಲ, ಸುರಿದಿದ್ದು ಹೊಟ್ಟೆ ಬಿಟ್ಟು ಶ್ವಾಸಕೋಶಕ್ಕೆ ಹೋಗುತ್ತೆ. ಹಾಲು ಜ್ವರಕ್ಕೆ ಒಂದು ರಾತ್ರಿಗೆ ವಾಸಿ ಆಗೋ ಹಸು ಈ ಬೆಲ್ಲದ ನೀರಿಗೆ ವಾರ ನರಳಿ ಸಾಯುತ್ತೆ. ಚೆನ್ನಾಗಿ ನಿಂತಿರೋ ಹಸುವಿಗೆ ಔಷಧಿ ಕುಡಿಸೋವಾಗಲೂ ತಲೆ ಆಕಾಶಕ್ಕೆ ಎತ್ತಬೇಡಿ, ನಾಲಿಗೆ ಹಿಡಿದು ಎಳೀಬೇಡಿ. ಮೂತಿ ಕಣ್ಣಿನ ಮಟ್ಟಕ್ಕೆ ಬಂದ್ರೆ ಸಾಕು. ಬಾಯಿ ಪಕ್ಕದಿಂದ ಸ್ವಲ್ಪ ಸ್ವಲ್ಪ ಬಿಡಿ, ಕೆಮ್ಮಿದ್ರೆ ಕೂಡಲೇ ತಲೆ ಬಿಟ್ಟುಬಿಡಿ. ಬಿದ್ದ ಹಸು ಪಕ್ಕಕ್ಕೆ ಪೂರ್ತಿ ಮಲಗದ ಹಾಗೆ, ಎದೆ ಮೇಲೆ ಕೂತ ಭಂಗಿಯಲ್ಲಿ ಎರಡೂ ಕಡೆ ಹುಲ್ಲಿನ ಮೂಟೆ ಕೊಟ್ಟು ಕೂರಿಸಿ. ಅಷ್ಟೇ ನಮ್ಮ ಕೆಲಸ. ಜೊತೆಗೆ ಒಂದು ಬಕೆಟ್ ನೀರು, ಸೋಪು, ಬೆಳಕು.

ಇನ್ನೊಂದು ಮಾತು ಹೆದರಿಸೋಕೆ ಹೇಳ್ತಿಲ್ಲ, ಆದ್ರೂ ಹೆದರಿ. ಹಸು ಜೊಲ್ಲು ಸುರಿಸ್ತಾ, ನುಂಗೋಕೆ ಆಗದೆ, ಗೊಗ್ಗರು ದನಿಯಲ್ಲಿ ಕೂಗ್ತಾ ಇದ್ರೆ ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಅಂತ ಬರಿಗೈ ಬಾಯೊಳಗೆ ಹಾಕಬೇಡಿ. ಅದು ರೇಬೀಸ್ ಇರಬಹುದು. ನಾಯಿ ಕಚ್ಚಿದ್ದು ನಮ್ಮ ಕಣ್ಣಿಗೆ ಬಿದ್ದಿರಲೇಬೇಕು ಅಂತಿಲ್ಲ. ನಾಯಿ ಕಚ್ಚಿದ್ದು ಗೊತ್ತಾದ್ರೆ ಗಾಯವನ್ನ ಸೋಪು ಹಾಕಿ ಹರಿಯೋ ನೀರಲ್ಲಿ ಕಾಲು ಗಂಟೆ ತೊಳೆದು ಅವತ್ತೇ ಆಸ್ಪತ್ರೆಗೆ ತಿಳಿಸಿ. ತೊಳೆಯೋವಾಗ ಕೈಗವಸು ಹಾಕ್ಕೊಳಿ. ಅವತ್ತಿಂದ ಲೆಕ್ಕ ಹಾಕಿ 0, 3, 7, 14, 28ನೇ ದಿನ ಇಂಜೆಕ್ಷನ್. ಮೂರಾದ ಮೇಲೆ ಹಸು ಚೆನ್ನಾಗಿದೆ ಅಂತ ನಿಲ್ಲಿಸೋದು ನಮ್ಮ ಜನರ ರೂಢಿ. ನಿಲ್ಲಿಸಬೇಡಿ. ಹಾಗೇ, ಚೆನ್ನಾಗಿದ್ದ ದನ ದಿಢೀರ್ ಅಂತ ಸತ್ತು ಮೂಗು, ಬಾಯಲ್ಲಿ ಕಪ್ಪು ರಕ್ತ ಬಂದಿದ್ರೆ ಅದು ನೆರಡಿ ರೋಗ (ಆಂಥ್ರಾಕ್ಸ್) ಇರಬಹುದು. ಚರ್ಮ ಸುಲಿಯೋದು, ಕುಯ್ಯೋದು ಯಾವುದೂ ಬೇಡ, ಡಾಕ್ಟ್ರು ಬಂದು ನೋಡೋವರೆಗೆ ಹತ್ರ ನಾಯಿಗಳನ್ನೂ ಬಿಡಬೇಡಿ.

ಬೆದೆ ವಿಷಯಕ್ಕೆ ಬರ್ತೀನಿ, ಇದರಲ್ಲಿ ಕಳ್ಕೊಂಡ ದುಡ್ಡು ಬೇರೆ ಯಾವುದರಲ್ಲೂ ಕಳ್ಕೊಂಡಿಲ್ಲ ನಾನು. ಕೆಂಪಿಗೆ ನಾಲ್ಕು ಸಲ ಸೂಜಿ ಹಾಕಿಸಿದ್ರೂ ಗಬ್ಬ ನಿಲ್ಲಲಿಲ್ಲ. ಇನ್‌ಸ್ಪೆಕ್ಟ್ರ ಕೈಗುಣ ಸರಿಯಿಲ್ಲ ಅಂತ ಊರೆಲ್ಲ ಹೇಳ್ಕೊಂಡು ಬಂದೆ. ಆಮೇಲೆ ಗೊತ್ತಾಗಿದ್ದು, ತಪ್ಪು ನನ್ನದೇ. ಅವಳು ಸಂಜೆ ಬೆದೆಗೆ ಬಂದು ಕೂಗ್ತಿದ್ಲು, ನಾನು ಮಾರನೇ ದಿನ ಡೈರಿಗೆ ಹಾಲು ಹಾಕಿ, ತಿಂಡಿ ಮುಗಿಸಿ, ಮಧ್ಯಾಹ್ನ ಫೋನ್ ಮಾಡ್ತಿದ್ದೆ. ಲೆಕ್ಕ ಇಷ್ಟೇ. ಬೆಳಗ್ಗೆ ಬೆದೆ ಕಂಡ್ರೆ ಸಂಜೆ ಸೂಜಿ, ಸಂಜೆ ಕಂಡ್ರೆ ಮಾರನೇ ಬೆಳಗ್ಗೆ. ಕೂಗೋದೊಂದೇ ಗುರುತಲ್ಲ. ಗಾಜಿನ ಹಾಗೆ ತಿಳಿಯಾದ ಲೋಳೆ ಬಾಲಕ್ಕೆ ಅಂಟಿರುತ್ತೆ, ಹಾಲು ಸ್ವಲ್ಪ ಇಳಿಯುತ್ತೆ, ಬೇರೆ ಹಸು ಮೈಮೇಲೆ ಹತ್ತಿದ್ರೆ ಕದಲದೆ ನಿಂತಿರುತ್ತೆ. ಆ ನಿಂತ್ಕೊಳೋದೇ ಪಕ್ಕಾ ಗುರುತು. ಲೋಳೆಯಲ್ಲಿ ಕೀವು ಕಂಡ್ರೆ ಸೂಜಿ ಬೇಡ, ಮೊದಲು ಚಿಕಿತ್ಸೆ. ಸೂಜಿ ಹಾಕಿಸಿದ ತಾರೀಕನ್ನ ಕ್ಯಾಲೆಂಡರಲ್ಲಿ ಬರೆದು 21ನೇ ದಿನಕ್ಕೆ ಒಂದು ಸುತ್ತು ಹಾಕಿ. ಅವತ್ತು ಬೆದೆ ಬರದಿದ್ರೆ ಸಂತೋಷ ಪಡೋಣ, ಆದ್ರೆ ಮೂರು ತಿಂಗಳಿಗೆ ಕೈ ಹಾಕಿ ನೋಡಿಸದೆ ಗಬ್ಬ ಅಂತ ನಂಬಬೇಡಿ. ಹೆಣ್ಣು ಕರುವೇ ಬೇಕು ಅನ್ನೋರಿಗೆ ಲಿಂಗ ನಿರ್ಧಾರಿತ ವೀರ್ಯದ ಕಡ್ಡಿಯೂ ಬಂದಿದೆ, ನೂರಕ್ಕೆ ತೊಂಬತ್ತರಷ್ಟು ಹೆಣ್ಣೇ ಹುಟ್ಟುತ್ತೆ. ಇದೆಯಾ ಅಂತ ಮೊದಲೇ ಕೇಳಿಟ್ಕೊಳಿ, ಬೆದೆ ಬಂದ ದಿನ ಕೇಳಿದ್ರೆ ಸಿಗಲ್ಲ.

ಲಸಿಕೆ ಸುಲಭ, ಮನೆ ಬಾಗಿಲಿಗೇ ಬರುತ್ತೆ. ಕಾಲುಬಾಯಿ ಜ್ವರಕ್ಕೆ ಆರು ತಿಂಗಳಿಗೊಂದು ಸಲ, ನಾಲ್ಕು ತಿಂಗಳು ತುಂಬಿದ ಕರುವಿಂದ ಹಿಡಿದು. 2019ರಿಂದ ಕೇಂದ್ರದ ಕಾರ್ಯಕ್ರಮದಲ್ಲಿ ಇದು ಪುಕ್ಕಟೆ. ಮಳೆಗಾಲಕ್ಕೆ ಮುಂಚೆ ಗಳಲೆ ಮತ್ತು ಚಪ್ಪೆ ರೋಗದ್ದು ಹಾಕಿಸಬೇಕು. ಚರ್ಮಗಂಟು ರೋಗಕ್ಕೆ ಮೇಕೆ ಸಿಡುಬಿನ ಲಸಿಕೆಯನ್ನೇ ದನಕ್ಕೆ ಕೊಡ್ತಾ ಬಂದಿದ್ದಾರೆ. ಕಂದು ರೋಗದ್ದು (ಬ್ರುಸೆಲ್ಲೋಸಿಸ್) ಮಾತ್ರ ಬೇರೆ ಥರ: ಹೆಣ್ಣು ಕರುವಿಗೆ ನಾಲ್ಕರಿಂದ ಎಂಟು ತಿಂಗಳೊಳಗೆ, ಜೀವಮಾನಕ್ಕೆ ಒಂದೇ ಸಲ. ಆ ವಯಸ್ಸು ದಾಟಿಸಿದ್ರೆ ಅವಕಾಶ ತಪ್ಪಿತು ಅಂತಲೇ. ಕಂದು ರೋಗ ಮನುಷ್ಯರಿಗೂ ಅಂಟುತ್ತೆ, ಬರಿಗೈಲಿ ಸತ್ತೆ ಮುಟ್ಟೋದು, ಹಸಿ ಹಾಲು ಕುಡಿಯೋದು ಬಿಡಿ. ಲಸಿಕೆಯವರು ಬಂದ್ರೆ ಒಂದು ಹೊತ್ತು ಹಾಲು ಕಡಿಮೆ ಆಗುತ್ತೆ ಅಂತ ಹಸುವನ್ನ ಹೊಲಕ್ಕೆ ಹೊಡ್ಕೊಂಡು ಹೋಗೋ ಜಾಣರು ಎಲ್ಲ ಊರಲ್ಲೂ ಇದ್ದಾರೆ. ಅವರ ಹಸುವಿಗೆ ಜ್ವರ ಬಂದು ಗೊರಸು ಒಡೆದಾಗ ಅದೇ ಹೊಲದ ದಾರಿ, ಅದೇ ನೀರಿನ ತೊಟ್ಟಿ ನಮ್ಮ ಹಸುಗಳದ್ದೂ.

ಕಿವಿಯಲ್ಲಿರೋ ಹಳದಿ ಓಲೆಯ ಹನ್ನೆರಡು ಅಂಕಿಯನ್ನ ಫೋನಲ್ಲಿ ಫೋಟೋ ತೆಗೆದಿಟ್ಕೊಳಿ. ಲಸಿಕೆ, ಸೂಜಿ, ವಿಮೆ ಎಲ್ಲ ಆ ನಂಬರಿನ ಮೇಲೇ. ಓಲೆ ಬಿದ್ದು ಹೋದ್ರೆ ಅದೇ ವಾರ ಹೇಳಿ ಹೊಸದು ಹಾಕಿಸಿ. ವಿಮೆ ಇರೋ ಹಸು ಸತ್ತಾಗ ಕಿವಿಯಲ್ಲಿ ಓಲೆ ಇಲ್ಲ ಅಂದ್ರೆ ಕಂಪನಿಯವರು ಕಾಸು ಕೊಡಲ್ಲ. ಮಣ್ಣು ಮಾಡೋ ಮುಂಚೆ ಡಾಕ್ಟ್ರಿಂದ ಮರಣೋತ್ತರ ಪರೀಕ್ಷೆ ಆಗಬೇಕು, ಓಲೆ ಕಾಣೋ ಹಾಗೆ ಫೋಟೋ ಇರಬೇಕು. ಸತ್ತ ಜಾನುವಾರಿಗೆ ಪರಿಹಾರ ಕೊಡೋ ರಾಜ್ಯದ ಅನುಗ್ರಹ ಯೋಜನೆಗೂ ಆ ಪರೀಕ್ಷೆಯ ಕಾಗದ ಬೇಕು. ದುಃಖದಲ್ಲಿ ಬೇಗ ಹೂತುಬಿಟ್ಟು ಆಮೇಲೆ ಕಚೇರಿ ಅಲೆಯೋರನ್ನ ನೋಡಿದ್ದೀನಿ.

ಔಷಧಿ ಬಗ್ಗೆ ಎರಡೇ ಮಾತು. ಆಂಟಿಬಯೋಟಿಕ್ ಕೊಟ್ಟ ಹಸುವಿನ ಹಾಲು ಎಷ್ಟು ದಿನ ಡೈರಿಗೆ ಹಾಕಬಾರದು ಅಂತ ಚೀಟಿ ಮೇಲೆ ಬರೆಸ್ಕೊಳಿ, ಕೇಳದೆ ಯಾರೂ ಹೇಳಲ್ಲ. ಕೆಚ್ಚಲು ಬಾವು ಮತ್ತೆ ಮತ್ತೆ ಬರ್ತಿದ್ರೆ ಇಂಜೆಕ್ಷನ್ ಹಾಕೋ ಮುಂಚೇನೇ ಹಾಲಿನ ಮಾದರಿ ಪರೀಕ್ಷೆಗೆ ಕಳಿಸೋಣ ಅಂತ ನೀವೇ ಕೇಳಿ. ಇನ್ನೊಂದು, ನೋವಿಗೆ ಅಂತ ಮನುಷ್ಯರ ಡೈಕ್ಲೋಫೆನಾಕ್ ತಂದು ಚುಚ್ಚಿಸಬೇಡಿ. 2006ರಲ್ಲೇ ದನಗಳಿಗೆ ಅದನ್ನ ನಿಷೇಧ ಮಾಡಿದ್ದಾರೆ, ಆ ಔಷಧಿ ಮೈಯಲ್ಲಿದ್ದ ದನ ಸತ್ತು ಅದನ್ನ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತವು ಅಂತ. ರಾಮದೇವರ ಬೆಟ್ಟದಲ್ಲಿ ಬೆರಳೆಣಿಕೆ ಹದ್ದು ಉಳಿದಿರೋದು ನಮ್ಮ ಪಕ್ಕದಲ್ಲೇ ಅಲ್ವಾ. ಮೆಲಾಕ್ಸಿಕಾಂ ಇದೆ, ಡಾಕ್ಟ್ರು ಅದನ್ನೇ ಬರೀತಾರೆ.

ನಮ್ಮ ಕೊಟ್ಟಿಗೆ ಗೋಡೆ ಮೇಲೆ ಇದ್ದಿಲಲ್ಲಿ ಬರೆದಿರೋದು ಮೂರು ಸಾಲು: 1962, ನಮ್ಮ ಆಸ್ಪತ್ರೆ ಡಾಕ್ಟ್ರ ನಂಬರು, ಇನ್‌ಸ್ಪೆಕ್ಟ್ರ ನಂಬರು. ಕೆಳಗೆ ಗೌರಿ, ಕೆಂಪಿ, ಬೆಳ್ಳಿ ಹೆಸರಿನ ಮುಂದೆ ತಾರೀಕುಗಳು. ಕೆಂಪಿಗೆ ನಾಳೆ 21ನೇ ದಿನ. ಐದು ಗಂಟೆಗೇ ಎದ್ದು ಬಾಲ ನೋಡಬೇಕು.