ಕೊಳಚೆ ಕೆಸರಿನ ಲೋಹ ತೆಗೆಯೋಕೆ ಗಂಧಕ ತಿನ್ನುವ ಬ್ಯಾಕ್ಟೀರಿಯಾ

2018ರಲ್ಲಿ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು, ಲಕ್ಷ್ಮೀಸಾಗರ ಕೆರೆಗೆ ಬಂದ ಮೇಲೆ ಕೋಲಾರದಲ್ಲಿ ಎಲ್ಲರ ಮಾತೂ ನೀರಿನದ್ದೇ. ಕೊಳಚೆ ಶುದ್ಧ ಮಾಡುವಾಗ ತಳದಲ್ಲಿ ಉಳಿಯುವ ಕೆಸರಿನ ಬಗ್ಗೆ ಕೇಳುವವರು ಕಡಿಮೆ. ಅದರಲ್ಲಿ ಸಾರಜನಕ, ರಂಜಕ ಚೆನ್ನಾಗಿರುತ್ತದೆ. ಸತು, ತಾಮ್ರ, ನಿಕ್ಕೆಲ್, ಕ್ಯಾಡ್ಮಿಯಂ ಕೂಡ ಇರಬಹುದು. ಲೋಹ ಕೊಳೆಯುವುದಿಲ್ಲ, ಹಾಕಿದಷ್ಟೂ ಹೊಲದಲ್ಲೇ ಸೇರುತ್ತಾ ಹೋಗುತ್ತದೆ.

ಕೆಸರನ್ನು ಗೊಬ್ಬರವಾಗಿ ಹೊಲಕ್ಕೆ ಹಾಕುವ ಮೊದಲು ಲ್ಯಾಬ್‌ಗೆ ಕೊಡಿ. ಮಾಮೂಲಿ ಮಣ್ಣು ಪರೀಕ್ಷೆಯಲ್ಲಿ ಕ್ಯಾಡ್ಮಿಯಂ ನೋಡುವುದಿಲ್ಲ, ಬೇರೆಯಾಗಿ ಕೇಳಬೇಕು. ನಗರದ ಕಸದ ಕಾಂಪೋಸ್ಟ್‌ಗೆ ಇರುವ ಮಿತಿ ಕೆಜಿಗೆ ಕ್ಯಾಡ್ಮಿಯಂ 5, ನಿಕ್ಕೆಲ್ 50, ತಾಮ್ರ 300, ಸತು 1000 ಮಿಲಿಗ್ರಾಂ. ಎಲ್ಲವೂ ಮಿತಿಯೊಳಗಿದ್ದರೆ ಸುಮ್ನೆ ಕಷ್ಟಪಡಬೇಡಿ.

ಜಾಸ್ತಿ ಇದ್ದರೆ ಅಸಿಡಿಥಯೋಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾ ಬೇಕು. ಕೊಳ್ಳಬೇಕಿಲ್ಲ, ಸಾಮಾನ್ಯವಾಗಿ ಕೆಸರಲ್ಲೇ ಇರುತ್ತದೆ. ಗಂಧಕ ತಿಂದು ಗಂಧಕಾಮ್ಲ ಮಾಡುತ್ತದೆ. ಆ ಹುಳಿಗೆ ಲೋಹ ಕೆಸರು ಬಿಟ್ಟು ನೀರಿಗಿಳಿಯುತ್ತದೆ.

ಪ್ಲಾಸ್ಟಿಕ್ ಬಕೆಟ್ಟಿಗೆ 20 ಲೀಟರ್ ತೆಳು ಕೆಸರು ಹಾಕಿ. ಲೀಟರಿಗೆ ಒಣ ಅಂಶ 20 ಗ್ರಾಂ ಇದ್ದರೆ ಸಾಕು. ಕಬ್ಬಿಣದ ಡ್ರಮ್ ಬೇಡ, ಆಮ್ಲ ಅದನ್ನೇ ತಿನ್ನುತ್ತದೆ. ನುಣ್ಣನೆಯ ಗಂಧಕದ ಪುಡಿ 60 ಗ್ರಾಂ ಬೆರೆಸಿ. ಅದು ಬೇಗ ಒದ್ದೆಯಾಗದು, ಹಳದಿ ಕೆನೆಯಂತೆ ಮೇಲೆ ತೇಲುತ್ತದೆ, ಕಲಕುತ್ತಲೇ ಇರಿ. ಇನ್ನೊಂದು ಹಿಡಿ ಇರಲಿ ಅನ್ನಬೇಡಿ, ಉಳಿದ ಗಂಧಕ ಹೊಲಕ್ಕೆ ಹೋದ ಮೇಲೂ ಮಣ್ಣನ್ನು ಹುಳಿ ಮಾಡುತ್ತದೆ. ಮೀನಿನ ತೊಟ್ಟಿಯ ಏರ್ ಪಂಪ್ ಹಗಲೂ ರಾತ್ರಿ ಓಡಲಿ. ಗಾಳಿ ನಿಂತರೆ ಬ್ಯಾಕ್ಟೀರಿಯಾದ ಕೆಲಸವೂ ನಿಂತಿತು.

ಹುಳಿ ಎಷ್ಟಾಗಿದೆ ಅಂತ ದಿನಾ ಪಿಎಚ್ ಪಟ್ಟಿ ಅದ್ದಿ ನೋಡಿ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. 7ರ ಹತ್ತಿರ ಇದ್ದದ್ದು 2ಕ್ಕೆ ಇಳಿಯಬೇಕು. ಮೊದಲ ಸಲ ಎರಡು ಮೂರು ವಾರ ಹಿಡಿಯಬಹುದು. ಹೀಗೆ ಹುಳಿಯಾದ ಕೆಸರಲ್ಲಿ 2 ಲೀಟರ್ ಹೆಪ್ಪಿನಂತೆ ತೆಗೆದಿಟ್ಟು ಮುಂದಿನ ಬಕೆಟ್ಟಿಗೆ ಹಾಕಿದರೆ ಬೇಗ ಆಗುತ್ತದೆ. ಸತು ಸಲೀಸಾಗಿ ಬರುತ್ತದೆ. ಸೀಸ ಬಹುಪಾಲು ಬರುವುದಿಲ್ಲ, ಸಲ್ಫೇಟ್ ಆಗಿ ತಳದಲ್ಲೇ ಕೂರುತ್ತದೆ. ನಿಮ್ಮ ತೊಂದರೆ ಸೀಸದ್ದಾದರೆ ಈ ದಾರಿ ಬಿಡಿ.

ಆಮೇಲೆ ಬಟ್ಟೆಯಲ್ಲಿ ಸೋಸಿ, ನೀರಲ್ಲಿ ತೊಳೆದು, ಕೆಸರಿಗೆ ಸುಣ್ಣ ಬೆರೆಸಿ ಪಿಎಚ್ 7ಕ್ಕೆ ತನ್ನಿ. ಕೈಗವಸು, ಕನ್ನಡಕ ಮರೆಯಬೇಡಿ.

ಬಹಳ ಜನ ಎಡವುವುದು ಸೋಸಿದ ನೀರಿನಲ್ಲಿ. ತೆಗೆದ ಲೋಹವೆಲ್ಲ ಅಲ್ಲೇ ಇದೆ ಅಲ್ವಾ? ಅದನ್ನು ಚರಂಡಿಗೆ ಚೆಲ್ಲಿದರೆ ಮಾಡಿದ್ದೆಲ್ಲ ದಂಡ. ಪಿಎಚ್ 9 ದಾಟುವವರೆಗೆ ಸುಣ್ಣ ಹಾಕಿ, ಲೋಹ ಗಸಿಯಾಗಿ ಇಳಿಯುತ್ತದೆ. ಆ ಗಸಿ ಅಪಾಯಕಾರಿ ತ್ಯಾಜ್ಯ, ಪರವಾನಗಿ ಇರುವ ಘಟಕಕ್ಕೇ ಹೋಗಬೇಕು. ಹಾಗಾಗಿ ರೈತರು ಒಬ್ಬೊಬ್ಬರೇ ಮಾಡುವ ಕೆಲಸ ಇದಲ್ಲ. ಬಕೆಟ್ಟಿನ ಪ್ರಯೋಗ ಕೆಸರು ಹೇಗಿದೆ ಅಂತ ತಿಳಿಯೋಕೆ, ಲೋಡುಗಟ್ಟಲೆ ಮಾಡುವುದು ಶುದ್ಧೀಕರಣ ಘಟಕದಲ್ಲೇ ಆಗಲಿ.

ತೊಳೆದ ಕೆಸರನ್ನು ಮತ್ತೆ ಲ್ಯಾಬ್‌ಗೆ ಕೊಡಿ. ಪಾಸಾದರೆ ಕಾಂಪೋಸ್ಟ್ ಮಾಡಿ ಹೊಲಕ್ಕೆ ಹಾಕಿ. ಸೊಪ್ಪಿನ ಮಡಿಗೆ ಮಾತ್ರ ಬೇಡ, ಸೊಪ್ಪು ಕ್ಯಾಡ್ಮಿಯಂ ಬೇಗ ಹೀರುತ್ತದೆ.